ಉದಕಮಂಡಲದ ದಾರಿಯಲ್ಲಿ ಎರಡು ಹುಳಿಸೊಪ್ಪು

ಮೈಸೂರಿನ ಹಳೆಯ ಬಡಾವಣೆಗಳ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಸದಾ ಒಂದಿಷ್ಟು ತೇವ ಇರುತ್ತದೆ. ಆ ತೇವವನ್ನೇ ನಂಬಿಕೊಂಡು ಕಲ್ಲಿನ ಸಂದಿಯಲ್ಲಿ, ತುಳಸಿಕಟ್ಟೆಯ ಬುಡದಲ್ಲಿ, ಒಡೆದ ಕುಂಡದ ಅಂಚಿನಲ್ಲಿ ಒಂದು ಪುಟ್ಟ ಗಿಡ ಹರಡಿಕೊಂಡಿರುತ್ತದೆ. ಒಂದು ತೊಟ್ಟಿಗೆ ಮೂರು ಎಲೆ, ಒಂದೊಂದೂ ಹೃದಯದ ಆಕಾರ. ನಡುನಡುವೆ ಕಿರುಬೆರಳಿನ ಉಗುರಿನಷ್ಟು ಹಳದಿ ಹೂ. ಅದನ್ನು ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿ ಬೆಳೆಸಿದ್ದಲ್ಲ. ಶಾಲೆಯಿಂದ ಬಂದ ಮಕ್ಕಳು ಚೀಲ ಎಸೆದು ಹಿತ್ತಲಿಗೆ ಓಡಿ, ನಾಲ್ಕು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು, ಹುಳಿಗೆ ಒಂದು ಕಣ್ಣು ಮುಚ್ಚಿ ಮುಖ ಕಿವುಚಿಕೊಂಡರೆಂದರೆ ಅದು ಪುಲ್ಲಂಪುರ್ಚಿಯೇ ಸರಿ.

ಅದೇ ಮಕ್ಕಳು ಬೇಸಿಗೆ ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಉದಕಮಂಡಲಕ್ಕೆ ಹೋಗುತ್ತಾರೆ. ಬಸ್ಸಿಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ರಸ್ತೆಯ ಮಗ್ಗುಲಲ್ಲಿ ಪರಿಚಿತ ಮುಖವೊಂದು ಕಾಣುತ್ತದೆ. ಇಲ್ಲೂ ಒಂದು ತೊಟ್ಟಿಗೆ ಮೂರೇ ಎಲೆ. ಆದರೆ ಎಲೆ ಅಂಗೈಯ ಅರ್ಧದಷ್ಟು ಅಗಲ. ಹೂ ಹಳದಿಯಲ್ಲ, ಗುಲಾಬಿ.

"ಅಮ್ಮಾ, ಇದು ನಮ್ಮನೆ ಹಿತ್ತಲಲ್ಲಿರೋದೇ ಅಲ್ವಾ?"

"ಅದೇ ಕಣೋ. ಚಳೀಗೆ ದೊಡ್ಡದಾಗಿ ಬೆಳೆದಿದೆ ಅಷ್ಟೆ."

ಅಮ್ಮನ ಉತ್ತರದಲ್ಲಿ ಅರ್ಧ ಸತ್ಯವಿದೆ. ಕಚ್ಚಿ ನೋಡಿದರೆ ಹುಳಿ ಅದೇ ಹುಳಿ. ವಂಶವೂ ಒಂದೇ. ಆದರೆ ಗಿಡ ಬೇರೆ, ಬಂದ ದಾರಿ ಬೇರೆ, ಬದುಕುವ ರೀತಿಯಂತೂ ಪೂರ್ತಿ ಬೇರೆ. ಈ ವ್ಯತ್ಯಾಸ ಗೊತ್ತಿರುವುದು ಬರಿಯ ಕುತೂಹಲಕ್ಕಲ್ಲ. ಘಟ್ಟದ ಮೇಲೆ ಆಲೂಗಡ್ಡೆ, ಕ್ಯಾರೆಟ್ ಬೆಳೆಯುವ ರೈತರಿಗೆ ಇದು ಕೂಲಿಯ ಲೆಕ್ಕ. ಪ್ರವಾಸ ಮುಗಿಸಿ ಹೂಕುಂಡ ಹಿಡಿದು ಮನೆಗೆ ಮರಳುವವರಿಗೂ ಇದು ತಿಳಿದಿರಬೇಕಾದ ಸಂಗತಿ.

ಹಿತ್ತಲಿನ ಹಳದಿ

ಹಳದಿ ಹೂವಿನ ಗಿಡಕ್ಕೆ ಸಸ್ಯಶಾಸ್ತ್ರದಲ್ಲಿ 'ಆಕ್ಸಾಲಿಸ್ ಕಾರ್ನಿಕ್ಯುಲೇಟ' ಎಂದು ಹೆಸರು. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇಟ್ಟದ್ದು. ಗ್ರೀಕ್ ಭಾಷೆಯಲ್ಲಿ ಆಕ್ಸಿಸ್ ಎಂದರೆ ಹುಳಿ ಅಥವಾ ಹರಿತ. ಕಾರ್ನಿಕ್ಯುಲೇಟ ಎಂದರೆ ಪುಟ್ಟ ಕೊಂಬುಳ್ಳದ್ದು. ಹೂ ಉದುರಿದ ಮೇಲೆ ಬರುವ, ಆಕಾಶಕ್ಕೆ ಮುಖ ಮಾಡಿ ನಿಲ್ಲುವ ಕಾಯಿಗಳೇ ಆ ಕೊಂಬು.

ಸಂಸ್ಕೃತದಲ್ಲಿ ಇದು ಚಾಂಗೇರಿ. ತಮಿಳಿನಲ್ಲಿ ಪುಳಿಯಾರೈ, ಮಲಯಾಳದಲ್ಲಿ ಪುಳಿಯಾರಿಲ, ತೆಲುಗಿನಲ್ಲಿ ಪುಲಿಚಿಂತ. ದಕ್ಷಿಣದ ಭಾಷೆಗಳೆಲ್ಲ ಇದನ್ನು ಗುರುತಿಸಿದ್ದು ಹುಳಿಯಿಂದಲೇ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪುಳಿ ಹುಳಿಯಾಯಿತು. ಪುಲ್ಲಂಪುರ್ಚಿ ಮಾತ್ರ ತನ್ನ ಹೆಸರಿನ ಹಳೆಯ ಪಕಾರವನ್ನು ಬಿಟ್ಟುಕೊಡದೆ ಉಳಿದುಕೊಂಡಿದೆ. ಸುಮ್ಮನೆ ಹುಳಿಸೊಪ್ಪು ಎನ್ನುವವರೂ ಇದ್ದಾರೆ.

ಅಡುಗೆಮನೆಗೂ ಇದು ಹೊಸದಲ್ಲ. ಹಳೇ ಮೈಸೂರಿನ ಕಡೆ ಹೊಲದ ಬದುವಿನಿಂದ ಆಯ್ದು ತರುವ ಬೆರಕೆ ಸೊಪ್ಪಿನಲ್ಲಿ ಇದಕ್ಕೂ ಒಂದು ಪಾಲು. ಬೆರಕೆ ಸೊಪ್ಪಿಗೆ ಇದು ಸೇರಿದರೆ ಹುಣಿಸೆಹಣ್ಣು ಸ್ವಲ್ಪ ಕಡಿಮೆ ಹಾಕಿದರೂ ನಡೆಯುತ್ತದೆ. ತುಪ್ಪದಲ್ಲಿ ಬಾಡಿಸಿ, ಕಾಯಿ, ಜೀರಿಗೆ ಜೊತೆ ಅರೆದು ಮಜ್ಜಿಗೆ ಬೆರೆಸಿದರೆ ತಂಬುಳಿ. ಒಣಮೆಣಸಿನಕಾಯಿ ಹುರಿದು ರುಬ್ಬಿದರೆ ಚಟ್ನಿ. ಆಯುರ್ವೇದದಲ್ಲಿ ಚಾಂಗೇರಿ ಘೃತ ಎಂಬ ತುಪ್ಪದ ಔಷಧವೇ ಇದೆ. ಹೊಟ್ಟೆಯ ತೊಂದರೆಗಳಿಗೆ ವೈದ್ಯರು ಅದನ್ನು ಕೊಡುತ್ತಾರೆ. ಹಿತ್ತಾಳೆ ದೀಪ ಕಪ್ಪಾದಾಗ ಇದೇ ಸೊಪ್ಪನ್ನು ಜಜ್ಜಿ ಉಜ್ಜಿದರೆ ಹೊಳಪು ಬರುತ್ತದೆ.

ಈ ಗಿಡದ ನಿಜವಾದ ಚಮತ್ಕಾರ ಕಾಯಿಯಲ್ಲಿದೆ. ಬಲಿತ ಕಾಯಿಯನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಒತ್ತಿದರೆ ಚಿಟಚಿಟನೆ ಬೀಜ ಸಿಡಿಯುತ್ತದೆ. ಪ್ರತಿ ಬೀಜಕ್ಕೂ ಒಂದು ತೆಳುವಾದ, ನೀರು ತುಂಬಿ ಬಿಗಿದ ಹೊರಕವಚ ಇರುತ್ತದೆ. ಬಲಿತಾಗ ಅದು ಹರಿದು, ಅಂಗಿ ಬಿಚ್ಚಿ ಒಳಹೊರಗು ಮಾಡಿದಂತೆ ತಟ್ಟನೆ ತಿರುವಿಕೊಳ್ಳುತ್ತದೆ. ಆ ರಭಸಕ್ಕೆ ಬೀಜ ಮಾರು ದೂರ ಹಾರುತ್ತದೆ. ಬೀಜದ ಮೈ ಅಂಟಂಟು. ಚಪ್ಪಲಿಗೆ, ಕುಂಡದ ಹೊರಮೈಗೆ, ನಾಯಿಯ ಕೂದಲಿಗೆ ಅಂಟಿಕೊಂಡು ಮುಂದಿನ ಪ್ರಯಾಣ. ಇಷ್ಟು ಸಾಲದೆಂಬಂತೆ ನೆಲದ ಮೇಲೆ ಹರಿಯುವ ದಂಟು ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಜಗತ್ತಿನ ಬೆಚ್ಚಗಿನ ಪ್ರದೇಶಗಳಲ್ಲೆಲ್ಲ ಇದು ಹಬ್ಬಿರುವುದು ಹೀಗೆ.

ಹಿತ್ತಲಿನ ಈ ಸೊಪ್ಪಿಗೆ ಇನ್ನೊಬ್ಬ ಗಿರಾಕಿ ಉಂಟು. ನೆಲದಿಂದ ಒಂದೆರಡು ಅಡಿ ಮೇಲೆ ಹುಲ್ಲಿನ ನಡುವೆ ಹಾರಾಡುವ, ಕಾಸಿನಗಲದ ತಿಳಿನೀಲಿ ಚಿಟ್ಟೆಯೊಂದಿದೆ. ಅದು ಮೊಟ್ಟೆಯಿಡುವುದು ಈ ಗಿಡದ ಮೇಲೆ. ಮರಿಹುಳು ತಿಂದು ಬೆಳೆಯುವುದು ಇದರ ಎಲೆಯನ್ನೇ. ಅಂಗಳವನ್ನು ಸಿಮೆಂಟು ಹಾಕಿ ಮುಚ್ಚಿದರೆ ಸೊಪ್ಪಿನ ಜೊತೆ ಆ ಚಿಟ್ಟೆಯೂ ಅಲ್ಲಿಂದ ಹೊರಟಿತೆಂದೇ ಅರ್ಥ.

ಘಟ್ಟ ಹತ್ತುವಾಗ

ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹೊಕ್ಕು, ತೆಪ್ಪಕಾಡು, ಗೂಡಲೂರಿನ ಮೇಲೆ ಹೋದರೆ ಉದಕಮಂಡಲಕ್ಕೆ ಸುಮಾರು 155 ಕಿಲೋಮೀಟರು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಹಾಗಾಗಿ ಪ್ರಯಾಣ ಹಗಲಿನಲ್ಲೇ. ಗಿಡ ನೋಡುವವರಿಗೆ ಅದೂ ಒಂದು ಅನುಕೂಲ.

ಗುಂಡ್ಲುಪೇಟೆಯ ಬಯಲಿನಲ್ಲಿ ಮಳೆಗಾಲದಲ್ಲಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ರಸ್ತೆಯ ಎರಡೂ ಕಡೆ ಬೆಂಕಿ ಹಚ್ಚಿದಂತೆ ಹೊಳೆಯುತ್ತವೆ. ಆ ಹೊಲಗಳ ಬದುವಿನಲ್ಲಿ, ಬಾವಿಯ ಬಳಿ, ಪಂಪಿನ ನೀರು ಹರಿಯುವ ಕಾಲುವೆಯ ಅಂಚಿನಲ್ಲಿ ಪುಲ್ಲಂಪುರ್ಚಿಯ ಸಣ್ಣ ಹಳದಿಯೂ ಇರುತ್ತದೆ. ದೊಡ್ಡ ಹಳದಿಯ ಎದುರು ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟೆ.

ಬಂಡೀಪುರ ಬಂದಾಗ ಕಿಟಕಿಯಾಚೆ ಜಿಂಕೆ, ಆನೆ ಹುಡುಕುವವರ ಕಣ್ಣಿಗೆ ಮೊದಲು ಅಡ್ಡ ಬರುವುದು ಲಂಟಾನ. ಬಣ್ಣಬಣ್ಣದ ಹೂಗೊಂಚಲಿನ ಈ ಪೊದೆ ಅಮೆರಿಕ ಖಂಡದ್ದು. 19ನೇ ಶತಮಾನದಲ್ಲಿ ತೋಟದ ಅಲಂಕಾರಕ್ಕೆಂದು ಭಾರತಕ್ಕೆ ಬಂದದ್ದು ಇಂದು ಕಾಡಿನ ಹುಲ್ಲನ್ನೇ ನುಂಗಿ ಕೂತಿದೆ. ಚೆಂದಕ್ಕೆಂದು ಕರೆತಂದ ಗಿಡ ಹೇಗೆ ಊರು ಆಳುತ್ತದೆ ಎಂಬುದಕ್ಕೆ ಮಕ್ಕಳಿಗೆ ಬಸ್ಸಿನಲ್ಲೇ ಸಿಗುವ ಮೊದಲ ಪಾಠ ಇದು.

ಗೂಡಲೂರು ಬಿಟ್ಟು ಘಟ್ಟ ಹತ್ತಿದರೆ ನಡುವಟ್ಟಂ. ಮಲೇರಿಯಾ ಜ್ವರಕ್ಕೆ ಕ್ವಿನೈನ್ ಕೊಡುವ ಸಿಂಕೋನ ಮರಗಳನ್ನು ದಕ್ಷಿಣ ಅಮೆರಿಕದಿಂದ ತಂದು 1860ರ ದಶಕದಲ್ಲಿ ಈ ಬೆಟ್ಟಗಳಲ್ಲಿ ಬೆಳೆಸಲಾಯಿತು. ಮುಂದೆ ಪೈಕಾರದ ಕಡೆ ಕಾಣುವ ನೀಲಗಿರಿ ಮರಗಳ ತವರು ಆಸ್ಟ್ರೇಲಿಯ. 1840ರ ದಶಕದಲ್ಲಿ ಇಲ್ಲಿಗೆ ಬಂದ ಈ ಮರಕ್ಕೆ ಕನ್ನಡಿಗರು ಬೆಟ್ಟದ ಹೆಸರನ್ನೇ ಇಟ್ಟುಬಿಟ್ಟರು. ಚಹಾ, ಆಲೂಗಡ್ಡೆ, ಕೋಸು, ಕ್ಯಾರೆಟ್ ಎಲ್ಲವೂ ಹೊರಗಿನಿಂದ ಬಂದವೇ. 1848ರಲ್ಲಿ ಇಂಗ್ಲೆಂಡಿನ ಕ್ಯೂ ಉದ್ಯಾನದಿಂದ ಬಂದ ವಿಲಿಯಂ ಗ್ರಹಾಂ ಮೆಕೈವರ್ ಉದಕಮಂಡಲದ ಸಸ್ಯೋದ್ಯಾನವನ್ನು ರೂಪಿಸಿದ. ಸಿಂಕೋನದ ಕೆಲಸವನ್ನೂ ಅವನೇ ನೋಡಿಕೊಂಡ. ಸುಮಾರು 2,240 ಮೀಟರು ಎತ್ತರದ ಈ ತಣ್ಣನೆಯ ಊರು ಸಮುದ್ರದಾಚೆಯ ಗಿಡಗಳಿಗೆ ಎರಡನೆಯ ತವರಾಯಿತು.

ಆ ಬಂದವರ ಸಾಲಿನಲ್ಲಿ ಗುಲಾಬಿ ಹೂವಿನ ಹುಳಿಸೊಪ್ಪೂ ಒಂದು.

ಮಣ್ಣೊಳಗಿನ ಗುಟ್ಟು

ಇದರ ಹೆಸರು 'ಆಕ್ಸಾಲಿಸ್ ಲ್ಯಾಟಿಫೋಲಿಯ'. ಲ್ಯಾಟಿಫೋಲಿಯ ಎಂದರೆ ಅಗಲ ಎಲೆಯದು. ಮೂಲ ನೆಲೆ ಮೆಕ್ಸಿಕೋ ಮತ್ತು ಅದರ ಆಸುಪಾಸಿನ ಅಮೆರಿಕದ ನಾಡುಗಳು. 1822ರಲ್ಲಿ ಕುಂತ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ ಇದನ್ನು ವರ್ಣಿಸಿದ. ಹೂವಿನ ಚೆಂದಕ್ಕೆ ಮರುಳಾದ ತೋಟಗಾರರು ಇದನ್ನು ದೇಶದೇಶಗಳಿಗೆ ಒಯ್ದರು. ಇಂದು ಇದು ಹಲವು ದೇಶಗಳ ರೈತರಿಗೆ ತಲೆನೋವು. ನೀಲಗಿರಿಯ ಚಹಾ ತೋಟಗಳಲ್ಲೂ ತರಕಾರಿ ಹೊಲಗಳಲ್ಲೂ ಇದು ಹಠಮಾರಿ ಕಳೆ. ಬೆಂಗಳೂರು, ಮೈಸೂರಿನ ತೋಟಗಳಲ್ಲೂ ಈ ಗುಲಾಬಿ ಹೂ ಕಾಣುತ್ತದೆ. ಹಳದಿಯದೂ ಘಟ್ಟದ ಮೇಲೆ ಇದ್ದೇ ಇದೆ. ಆದರೆ ಗುಲಾಬಿಯದರ ದರ್ಬಾರು ನೋಡಬೇಕಾದರೆ ತಂಪಿನ ನಾಡಿಗೇ ಹೋಗಬೇಕು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಹಳದಿಯದಕ್ಕೆ ನೆಲದ ಮೇಲೆ ಹರಿಯುವ ದಂಟಿದೆ; ಎಲೆಗಳು ದಂಟಿನಿಂದ ಹೊರಡುತ್ತವೆ. ಗುಲಾಬಿಯದಕ್ಕೆ ನೆಲದ ಮೇಲೆ ದಂಟೇ ಇಲ್ಲ. ಎಲೆಯ ತೊಟ್ಟೂ ಹೂವಿನ ಕಡ್ಡಿಯೂ ನೇರವಾಗಿ ಮಣ್ಣಿನಿಂದಲೇ ಏಳುತ್ತವೆ. ಹಳದಿಯದರ ಎಲೆ ಪುಟ್ಟ ಹೃದಯ. ಗುಲಾಬಿಯದು ಮೀನಿನ ಬಾಲದಂತೆ ಅಗಲವಾದ ತ್ರಿಕೋನ. ಹಳದಿ ಹೂಗಳು ಒಂದೋ ಎರಡೋ ಮೂರೋ; ಗುಲಾಬಿ ಹೂಗಳು ಒಂದೇ ಕಡ್ಡಿಯ ತುದಿಯಲ್ಲಿ ಕೊಡೆಯ ಕಡ್ಡಿಗಳಂತೆ ಗೊಂಚಲು. ಎಲೆಯ ಬಣ್ಣ ನೋಡಿ ಮಾತ್ರ ತೀರ್ಮಾನಿಸಬಾರದು. ಹಳದಿಯದರಲ್ಲೇ ಎಲೆ ಕಂದುಕೆಂಪಾಗಿರುವ ಬಗೆಯೂ ಇದೆ.

ಮುಖ್ಯ ವ್ಯತ್ಯಾಸ ಇರುವುದು ಕಣ್ಣಿಗೆ ಕಾಣದ ಕಡೆ. ಗುಲಾಬಿಯದನ್ನು ಕಿತ್ತರೆ ಎಲೆ ತೊಟ್ಟಿನ ಸಮೇತ ಕೈಗೆ ಬರುತ್ತದೆ, ಬುಡ ಬರುವುದಿಲ್ಲ. ಕೈಗುದ್ದಲಿಯಿಂದ ಮಣ್ಣು ಬಗೆದು ನೋಡಿದರೆ ಕಂದು ಸಿಪ್ಪೆಯ ಪುಟ್ಟ ಈರುಳ್ಳಿಯಂಥ ಗೆಡ್ಡೆ ಸಿಗುತ್ತದೆ. ಕೆಲವು ಗಿಡಗಳಲ್ಲಿ ಅದರ ಕೆಳಗೆ ನೀರು ತುಂಬಿದ, ಮೂಲಂಗಿಯಂಥ ಬಿಳಿ ಬೇರೂ ಇರುತ್ತದೆ. ಗೆಡ್ಡೆಯಿಂದ ಸುತ್ತಲೂ ಬಿಳಿ ದಾರದಂಥ ಬಳ್ಳಿಗಳು ಮಣ್ಣೊಳಗೆ ಹೊರಡುತ್ತವೆ. ಒಂದೊಂದು ದಾರದ ತುದಿಯಲ್ಲೂ ಒಂದೊಂದು ಮರಿಗೆಡ್ಡೆ. ಡಿಸೆಂಬರ್, ಜನವರಿಯಲ್ಲಿ ಉದಕಮಂಡಲದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಕರಕಲಾದಾಗ ಮೇಲಿನ ಎಲೆಗಳು ಸಾಯಬಹುದು. ಗೆಡ್ಡೆಗಳು ಮಣ್ಣೊಳಗೆ ಬೆಚ್ಚಗೆ ಮಲಗಿರುತ್ತವೆ. ಕಾಲ ಬಂದಾಗ ಏಳುತ್ತವೆ.

ಈಗ ಹೊಲದಲ್ಲಿ ಕಳೆ ತೆಗೆಯುವ ಹೆಂಗಸಿನ ಕಷ್ಟ ಅರ್ಥವಾಗುತ್ತದೆ. ಬೆಳಗಿನ ಚಳಿಯಲ್ಲಿ ಕ್ಯಾರೆಟ್ ಮಡಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಆಕೆ ಎಲೆ ಕಿತ್ತಷ್ಟೂ ಅದು ಮತ್ತೆ ಚಿಗುರುತ್ತದೆ. ಬುಡಸಮೇತ ತೆಗೆಯೋಣವೆಂದು ಅಗೆದರೆ ದಾರಗಳು ತುಂಡಾಗಿ ಮರಿಗೆಡ್ಡೆಗಳು ಮಣ್ಣಲ್ಲಿ ಚೆಲ್ಲಾಡುತ್ತವೆ. ಉಳುಮೆ ಮಾಡಿದರೆ ಹೊಲದ ಒಂದು ಮೂಲೆಯದು ಇಡೀ ಹೊಲಕ್ಕೆ ಹರಡುತ್ತದೆ. ಬೇರೆ ಕಳೆಗೆ ಗುದ್ದಲಿ ಶತ್ರು; ಇದಕ್ಕೆ ಅದೇ ಬಿತ್ತನೆಯ ಯಂತ್ರ.

ಬೀಜದ ವಿಚಾರವೂ ಅಷ್ಟೇ ವಿಚಿತ್ರ. ಹಳದಿಯದು ತನ್ನ ಪರಾಗದಿಂದ ತಾನೇ ಬೀಜ ಕಟ್ಟಬಲ್ಲದು. ಗುಲಾಬಿಯದರ ಹೂಗಳಲ್ಲಿ ಮೂರು ಮಾದರಿ: ಕೆಲವು ಗಿಡಗಳ ಹೂವಿನಲ್ಲಿ ಶಲಾಕೆ ಉದ್ದ, ಕೆಲವದರಲ್ಲಿ ಮಧ್ಯಮ, ಕೆಲವದರಲ್ಲಿ ಗಿಡ್ಡ. ಒಂದು ಮಾದರಿಯ ಹೂವಿಗೆ ಬೇರೆ ಮಾದರಿಯ ಹೂವಿನ ಪರಾಗ ಬಿದ್ದರಷ್ಟೇ ಬೀಜ ಚೆನ್ನಾಗಿ ಕಟ್ಟುತ್ತದೆ. ಆಕ್ಸಾಲಿಸ್ ಜಾತಿಯ ಈ ತ್ರಿವಿಧ ಹೂಗಳ ಬಗ್ಗೆ ಚಾರ್ಲ್ಸ್ ಡಾರ್ವಿನ್ 1877ರ ತನ್ನ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾನೆ. ತವರು ಬಿಟ್ಟು ಬಂದ ಕಡೆಗಳಲ್ಲಿ ಸಾಮಾನ್ಯವಾಗಿ ಒಂದೇ ಮಾದರಿಯ ಗಿಡಗಳು ಗೆಡ್ಡೆಯಿಂದ ಗೆಡ್ಡೆಗೆ ಬೆಳೆದಿರುವುದರಿಂದ ಬೀಜ ಕಟ್ಟುವುದೇ ಅಪರೂಪ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಬೀಜವಿಲ್ಲ, ರೆಕ್ಕೆಯಿಲ್ಲ, ಸಿಡಿಯುವ ಕಾಯಿಯಿಲ್ಲ. ಹಾಗಿದ್ದೂ ಈ ಗಿಡ ಮೆಕ್ಸಿಕೋದಿಂದ ನೀಲಗಿರಿಗೆ ಬಂತು, ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಹೋಯಿತು. ಇಳಿಜಾರಿನಲ್ಲಿ ಮಳೆನೀರು ಮಣ್ಣಿನ ಜೊತೆ ಒಂದಿಷ್ಟನ್ನು ಕೊಚ್ಚಿ ಒಯ್ಯುತ್ತದೆ, ನಿಜ. ಮಿಕ್ಕದ್ದೆಲ್ಲ ಮನುಷ್ಯರ ಕೈಯಲ್ಲಿ, ಗುದ್ದಲಿಯಲ್ಲಿ, ನೇಗಿಲಲ್ಲಿ, ಸಸಿಯ ಜೊತೆಗಿನ ಹಿಡಿಮಣ್ಣಿನಲ್ಲಿ. ಹಳದಿಯದು ತಾನೇ ಪ್ರಯಾಣ ಮಾಡುತ್ತದೆ. ಗುಲಾಬಿಯದನ್ನು ನಾವೇ ಹೊತ್ತು ತಿರುಗುತ್ತೇವೆ.

ಹುಳಿಯ ಲೆಕ್ಕ

ಎರಡೂ ಗಿಡಗಳ ಹುಳಿಗೆ ಕಾರಣ ಆಕ್ಸಾಲಿಕ್ ಆಮ್ಲ ಮತ್ತು ಅದರ ಲವಣಗಳು. ಆಮ್ಲಕ್ಕೆ ಆ ಹೆಸರು ಬಂದದ್ದೇ ಈ ಗಿಡದ ಕುಲದಿಂದ. 1776ರಲ್ಲಿ ಷೀಲೆ ಎಂಬ ರಸಾಯನಶಾಸ್ತ್ರಜ್ಞ ಸಕ್ಕರೆಗೆ ನೈಟ್ರಿಕ್ ಆಮ್ಲ ಬೆರೆಸಿ ಇದೇ ವಸ್ತುವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ. ಪಿಯುಸಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹಳೆಯ ಪರಿಚಯ. ಬಿಸಿ ಮಾಡಿದ ಆಕ್ಸಾಲಿಕ್ ಆಮ್ಲದ ದ್ರಾವಣಕ್ಕೆ ಬ್ಯುರೆಟ್ಟಿನಿಂದ ಪೊಟ್ಯಾಸಿಯಂ ಪರಮ್ಯಾಂಗನೇಟನ್ನು ಹನಿಹನಿಯಾಗಿ ಬಿಡುತ್ತ, ತಿಳಿಗುಲಾಬಿ ಬಣ್ಣ ನಿಲ್ಲುವುದನ್ನೇ ಉಸಿರು ಬಿಗಿಹಿಡಿದು ಕಾಯುವ ಪ್ರಯೋಗದಲ್ಲಿ ಫ್ಲಾಸ್ಕಿನೊಳಗೆ ಇರುವುದು ಹಿತ್ತಲಿನ ಈ ಹುಳಿಯೇ. ದಾರೆಹುಳಿ, ಬಿಂಬುಳಿ ಮರಗಳೂ ಇದೇ ಕುಟುಂಬದವು ಎಂದರೆ ಹಣ್ಣು ಕಚ್ಚಿ ಹಲ್ಲು ಚಳಿತುಹೋದವರಿಗೆ ಆಶ್ಚರ್ಯವಾಗಲಾರದು.

ಹುಳಿಗೂ ಒಂದು ಮಿತಿ ಬೇಕು. ಆಕ್ಸಾಲಿಕ್ ಆಮ್ಲ ಸುಣ್ಣದ ಅಂಶದೊಡನೆ ಸೇರಿದರೆ ಕರಗದ ಹರಳಾಗುತ್ತದೆ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಇಂಥ ಹರಳಿನವೇ. ಕಲ್ಲಿನ ತೊಂದರೆ ಇದ್ದವರು ಈ ಸೊಪ್ಪಿನಿಂದ ದೂರ ಇರುವುದು ಒಳ್ಳೆಯದು. ಉಳಿದವರಿಗೆ ಅಪರೂಪಕ್ಕೊಮ್ಮೆ ತಂಬುಳಿ ಮಾಡಿದರೆ ಅಡ್ಡಿಯಿಲ್ಲ. ಆದರೆ ಉದ್ಯಾನದ ಹುಲ್ಲುಹಾಸಿನಿಂದ, ಚಹಾ ತೋಟದ ಅಂಚಿನಿಂದ ಕಿತ್ತು ಬಾಯಿಗಿಡಬಾರದು. ಅಲ್ಲಿ ಕೀಟನಾಶಕ, ಕಳೆನಾಶಕ ಸಿಂಪಡಿಸಿರಬಹುದು. ಮನೆಯ ಹಿತ್ತಲಿನದನ್ನೂ ತೊಳೆದೇ ತಿನ್ನಬೇಕು.

ಹುಳಿಯ ಹಾಗೆಯೇ ಎರಡರಲ್ಲೂ ಸಮಾನವಾದ ಇನ್ನೊಂದು ಗುಣ ನಿದ್ದೆ. ಸಂಜೆಯಾಗುತ್ತಿದ್ದಂತೆ ಮೂರೂ ಎಲೆಗಳು ನಡುವಿಗೆ ಮಡಚಿಕೊಂಡು ಕೊಡೆ ಮುಚ್ಚಿದಂತೆ ಕೆಳಗೆ ಜೋತುಬೀಳುತ್ತವೆ. ಎಲೆ ತೊಟ್ಟಿಗೆ ಸೇರುವಲ್ಲಿ ಒಂದು ಪುಟ್ಟ ಕೀಲಿದೆ. ಅಲ್ಲಿನ ಕೋಶಗಳಲ್ಲಿ ನೀರಿನ ಒತ್ತಡ ಏರಿಳಿಯುವುದರಿಂದ ಈ ಚಲನೆ. ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ ಜೊತೆ ಸೇರಿ 1880ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆಕ್ಸಾಲಿಸ್ ಗಿಡಗಳ ನಿದ್ದೆಯೂ ಸೇರಿದೆ. ಅದಕ್ಕೆ ದೊಡ್ಡ ಉಪಕರಣವೇನೂ ಬೇಕಿಲ್ಲ. ರಾತ್ರಿ ಊಟದ ಮುಂಚೆ ಒಂದು ಟಾರ್ಚು ಹಿಡಿದು ಹಿತ್ತಲಿಗೆ ಹೋದರೆ ಸಾಕು. ಎಷ್ಟು ಗಂಟೆಗೆ ಮಡಚಿತು, ಬೆಳಿಗ್ಗೆ ಎಷ್ಟಕ್ಕೆ ಬಿಚ್ಚಿತು, ಮೋಡದ ದಿನ ಹೂ ಅರಳಿತೇ ಎಂದು ಒಂದು ವಾರ ಬರೆದಿಟ್ಟರೆ ಒಳ್ಳೆಯ ವಿಜ್ಞಾನ ಪಾಠ.

ಕುಂಡದಲ್ಲಿ ಬರುವ ಅತಿಥಿ

ಉದಕಮಂಡಲದ ಪ್ರವಾಸ ಮುಗಿಯುವುದು ಸಾಮಾನ್ಯವಾಗಿ ಅಂಗಡಿಗಳಲ್ಲಿ. ಚಾಕೊಲೇಟು, ವರ್ಕಿ, ನೀಲಗಿರಿ ಎಣ್ಣೆಯ ಜೊತೆ ಹೂಗಿಡದ ಒಂದು ಕುಂಡವೂ ಚೀಲ ಸೇರುತ್ತದೆ. ಬಸ್ಸಿನಲ್ಲಿ ಅಮ್ಮ ಅದನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಘಟ್ಟ ಇಳಿಯುತ್ತಾರೆ. ಎರಡು ವಾರ ಕಳೆದ ಮೇಲೆ ಗುಲಾಬಿ ಗಿಡದ ಬುಡದಲ್ಲಿ ಮೂರು ಅಗಲ ಎಲೆ ಇಣುಕುತ್ತದೆ. ಚೆನ್ನಾಗಿದೆಯಲ್ಲ, ಇರಲಿ ಎಂದು ಬಿಟ್ಟರೆ ಮುಂದಿನ ವರ್ಷದ ಹೊತ್ತಿಗೆ ಕುಂಡದಿಂದ ಕುಂಡಕ್ಕೆ, ಕುಂಡದಿಂದ ಹಿತ್ತಲಿಗೆ ಇಳಿದಿರುತ್ತದೆ.

ತಡೆಯುವುದು ಕಷ್ಟವಲ್ಲ, ಮೊದಲೇ ಗುರುತಿಸಬೇಕು ಅಷ್ಟೆ. ಕೊಳ್ಳುವಾಗಲೇ ಕುಂಡದ ಮಣ್ಣು ನೋಡಬೇಕು. ಎಲೆ ಕಂಡರೆ ಹೂ ಬಿಡುವವರೆಗೆ ಕಾಯಬಾರದು. ಎಳೆಯ ಎಲೆಗಳನ್ನು ಹೊರಡಿಸಲು ಗೆಡ್ಡೆ ತನ್ನ ಗಂಟನ್ನೆಲ್ಲ ಖರ್ಚು ಮಾಡಿರುತ್ತದೆ. ಮರಿಗೆಡ್ಡೆಗಳು ಇನ್ನೂ ಬಲಿತಿರುವುದಿಲ್ಲ. ಆಗ ಸುತ್ತಲಿನ ಮಣ್ಣಿನ ಸಮೇತ ಎತ್ತಿ, ಜರಡಿ ಹಿಡಿದು, ಗೆಡ್ಡೆಗಳನ್ನು ಆರಿಸಿ ತೆಗೆಯಬೇಕು. ಅವನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಮುಂದೆ ಗೊಬ್ಬರದ ಜೊತೆ ಎಲ್ಲ ಗಿಡಗಳ ಬುಡಕ್ಕೂ ಹೋಗುತ್ತವೆ. ಚೆನ್ನಾಗಿ ಒಣಗಿಸಿ ಸುಡುವುದೇ ಕ್ಷೇಮ.

ಇದರಲ್ಲಿ ಗುಲಾಬಿ ಹೂವಿನ ತಪ್ಪೇನೂ ಇಲ್ಲ. ಮೆಕ್ಸಿಕೋದ ಬೆಟ್ಟಗಳಲ್ಲಿ ಅದೂ ಯಾರದೋ ಹಿತ್ತಲಿನ ಸೊಪ್ಪೇ. ಅದನ್ನು ಮಿತಿಯಲ್ಲಿಡುತ್ತಿದ್ದ ನೆಲದಿಂದ ಎತ್ತಿ ತಂದವರು ಬೇರೆ; ಇಂದು ಚಳಿಯಲ್ಲಿ ಕೂತು ಕೀಳುತ್ತಿರುವವರು ಬೇರೆ.

ಮೈಸೂರಿಗೆ ಮರಳಿದ ಹುಡುಗ ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದರೆ ಒಗೆಯುವ ಕಲ್ಲಿನ ಪಕ್ಕ ಹಳದಿ ಪುಲ್ಲಂಪುರ್ಚಿ ಆಗತಾನೇ ಎಲೆ ಬಿಚ್ಚಿ ನಿಂತಿರುತ್ತದೆ. ಒಂದು ಎಲೆ ತೊಳೆದು ಬಾಯಿಗೆ ಹಾಕಿಕೊಂಡು, ಬಲಿತ ಕಾಯೊಂದನ್ನು ಒತ್ತಿ ಬೀಜ ಸಿಡಿಸಿ ನೋಡಬಹುದು. ಆಮೇಲೆ ಅಮ್ಮನನ್ನು ಕರೆದು, ಊಟಿಯಿಂದ ತಂದ ಕುಂಡದ ಮಣ್ಣನ್ನು ಒಮ್ಮೆ ಕೆದಕಿ ನೋಡುವುದು ಒಳ್ಳೆಯದು.